ಎಡ ಹೆಗಲು

ಹೆಣಕ್ಕೆ ಸುತ್ತುವ ಕಫನಿನ ಬಿಳಿ ಬಟ್ಟೆಯನ್ನು ಚಾಪೆಯ ಮೇಲೆ ಹರಡಿಕೊಂಡು ಕೂತಿದ್ದ ನೆರೆಮನೆಯ ಖಲೀಲ ಮೂರನೇ ಸಲ ಕೂಗಿದ.

"ಒಂದ್ ಕತ್ತರಿ ಕೊಡ್ರಿ ಅಂತ ಆಗಿಂದ ಹೊಯ್ಕೊಳ್ಳಾಕ್ಹತ್ತೇನಿ. ದರ್ಜಿ ಮನ್ಯಾಗ ಒಂದ್ ಕತ್ತರಿ ಇಲ್ಲಂದ್ರ ಯಾರರೆ ನಂಬ್ತಾರೇನು?"

ಯಾರು ನಂಬಲಿ ಬಿಡಲಿ, ಕತ್ತರಿ ಇರಲಿಲ್ಲ. ತೀರಿಕೊಂಡ ದರ್ಜಿ ಬಾಬುಸಾಬ ತನ್ನ ಕತ್ತರಿಗಳನ್ನು ಒಂದು ದಿನವೂ ಮನೆಯ ಹೊಸ್ತಿಲು ದಾಟಿಸಿದವನಲ್ಲ. ಮನೆಗೆ ಬಂದರೆ ಹೆಂಡತಿ ಅದರಲ್ಲಿ ಕೊತ್ತಂಬರಿ ಕತ್ತರಿಸುತ್ತಾಳೆ, ಮಗಳು ಕಾಗದ ಕತ್ತರಿಸುತ್ತಾಳೆ, ಆಮೇಲೆ ಬಟ್ಟೆಯ ಮೇಲೆ ಅದು ಹಲ್ಲಿಲ್ಲದ ಮುದುಕಿಯ ಹಾಗೆ ಜಗಿಯುತ್ತದೆ ಎಂಬುದು ಅವನ ದೂರು. ಮೂರೂ ಕತ್ತರಿಗಳು ಅಂಗಡಿಯಲ್ಲಿದ್ದವು. ಅಂಗಡಿಯ ಕೀಲಿ ಅವನ ಉಡಿದಾರದಲ್ಲಿತ್ತು. ಮೈತೊಳೆಯುವವರು ಬಿಚ್ಚಿ ಕೊಟ್ಟ ಆ ಕೀಲಿಯನ್ನು ಹಿಡಿದು ಮಗಳು ಆಫ್ರೀನ ದುಪಟ್ಟಾ ತಲೆಯ ಮೇಲೆಳೆದುಕೊಂಡು ಹೊರಟಳು.

"ಲಗೂನ ಬಾ," ಎಂದಳು ತಾಯಿ ನಜಮಾ, ಗೋಡೆಗೆ ಆತುಕೊಂಡೇ. "ಅಲ್ಲಿ ಅದು ತೂಗ್ಹಾಕಿರತೈತಿ, ಯಾರ ಕಣ್ಣಿಗೂ ಬೀಳಬಾರ್ದು."

ಅಮೀನಗಡದ ಬಸ್ ಸ್ಟ್ಯಾಂಡಿನೆದುರು, ಮುತ್ತುರಾಜನ ಕರದಂಟಿನ ಅಂಗಡಿಗೆ ಅಂಟಿಕೊಂಡಂತೆ ಬಾಬುಸಾಬನ ಅಂಗಡಿ. ಆಫ್ರೀನ ಹದಿನೈದು ವರ್ಷದಿಂದ ಅಲ್ಲೇ ಒಂದು ಮಿಷನ್ ಹಾಕಿಕೊಂಡು ಹೆಂಗಸರ ಕುಪ್ಪಸ ಹೊಲಿಯುತ್ತಿದ್ದಳು. ಇವತ್ತು ಶಟರು ಎತ್ತಿದಾಗ ಪಕ್ಕದ ಅಂಗಡಿಯ ಬೆಲ್ಲ ತುಪ್ಪದ ವಾಸನೆ ಎಂದಿನಂತೆ ಒಳಗೆ ಬಂತು. ಅಬ್ಬಾನ ಸ್ಟೂಲು ಖಾಲಿ ಇತ್ತು. ಅದನ್ನು ನೋಡಿದ ಮೇಲೆ ಅವಳಿಗೆ ಅಳು ತಡೆಯಲಾಗಲಿಲ್ಲ.

ಅಮ್ಮಿ ಹೇಳಿದ್ದು ಅಲ್ಲೇ ಮೊಳೆಗೆ ತೂಗುತ್ತಿತ್ತು. ಶಾಸಕ ರಾಚಯ್ಯನವರ ಹೊಸ ಜಾಕೀಟು. ಬಲ ಹೆಗಲು ಮುಗಿದಿತ್ತು. ಎಡ ಹೆಗಲಿನ ಅಸ್ತರು ಇನ್ನೂ ಬಾಯಿ ತೆರೆದಿತ್ತು, ಅದರೊಳಗಿಂದ ಹತ್ತಿ ಇಣುಕುತ್ತಿತ್ತು. ಆಫ್ರೀನ ಕಣ್ಣೊರೆಸಿಕೊಂಡು ಜಾಕೀಟನ್ನು ಮಡಚಿ ಬಟ್ಟೆಯ ಗಂಟಿನ ಕೆಳಗೆ ತುರುಕುವಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು.

"ಸಾಹುಕಾರ್ರ ಜಾಕೀಟ ಆಗೇತೇನವಾ?" ಎಂದ ಸುನೀಲಕುಮಾರ. ಅವನು ರಾಚಯ್ಯನವರ ಆಪ್ತ ಕಾರ್ಯದರ್ಶಿ, ಅಂದರೆ ಅವರ ಫೋನು ಎತ್ತುವವನು, ಅವರ ಫೋಟೋ ತೆಗೆಯುವವನು. ಕೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು. "ತಪ್ಪು ತಿಳಕೋಬ್ಯಾಡ. ಇಂಥಾ ಹೊತ್ನ್ಯಾಗ ಕೇಳಬಾರ್ದು."

"ಆಗಿಲ್ರಿ. ಅಬ್ಬಾನ ಕೈಲೆ ಅಷ್ಟ ಆತು."

"ಇರ್ಲಿ, ಹಳೇದ ಹಾಕ್ಕೋತಾರ. ಬಾಗಲಕೋಟ್ಯಾಗ ಮೀಟಿಂಗ್ ನಡದೈತಿ, ಟಿಕೀಟ ಕೊಡೋರು ಬಂದಾರ. ಆದ್ರೂ ಒಂದ್ ಗಂಟೆಕ್ಕ ಬಂದ ಬರ್ತಾರ. ಹೆಗಲು ಕೊಡ್ತಾರ, ನಾ ಒಂದ್ ನಿಮಿಷದ ವಿಡಿಯೋ ತಗೋತೇನಿ. ಮುದುಕ ಆಗ್ಯಾನ, ಕೈಕಾಲು ಸೋತಾವು ಅಂತ ಆ ಕಡಿಯವ್ರು ಹಬ್ಬಿಸ್ಯಾರಲ್ಲ, ಬಾಯಿ ಮುಚ್ಚತೈತಿ."

ಆಫ್ರೀನ ಕತ್ತರಿಯನ್ನು ಕೈಯಲ್ಲಿ ಹಿಡಿದು ಕೇಳಿದಳು, "ಯಾವ ಹೆಗಲು ಕೊಡ್ತಾರ್ರಿ?"

"ಯಾವ್ದಾದ್ರೇನವಾ? ಹೆಗಲಿಗೆ ಹೆಗಲು!"

ಹತ್ತು ವರ್ಷ ಜೊತೆಗಿದ್ದವನಿಗೂ ಗೊತ್ತಿಲ್ಲ. ಅಬ್ಬಾ ಅಷ್ಟು ಚೆನ್ನಾಗಿ ಹೊಲಿದಿದ್ದ.

*

ಮೂವತ್ತು ವರ್ಷದ ಹಿಂದೆ, ಮೊದಲ ಚುನಾವಣೆಗೆ ನಿಂತಾಗ, ರಾಚಯ್ಯ ಎಂಬ ಮೂವತ್ತೆರಡರ ಯುವಕ ಇದೇ ಅಂಗಡಿಗೆ ಬಂದು ಒಳಗಿಂದ ಪರದೆ ಎಳೆದುಕೊಂಡಿದ್ದರು. ಶಿರೂರಿನ ಸಭೆಯಲ್ಲಿ ಎದುರು ಪಕ್ಷದವನೊಬ್ಬ ಎಡ ಹೆಗಲನ್ನು ಕೆಳಗೆ ಜೋತುಬಿಟ್ಟು ವೇದಿಕೆಯ ಮೇಲೆ ಅತ್ತಿತ್ತ ನಡೆದು, "ಇಂಥಾ ಸೊಟ್ಟ ಹೆಗಲಿನ್ಯಾಂವ ನಿಮ್ಮ ಭಾರಾ ಹೊರ್ತಾನಂತ ನೋಡ್ರಿ!" ಎಂದಿದ್ದನಂತೆ. ಜನ ಬಿದ್ದು ಬಿದ್ದು ನಕ್ಕಿದ್ದರು. ತಮ್ಮ ಪಕ್ಷದವರೂ ನಕ್ಕರೆಂಬುದೇ ರಾಚಯ್ಯನವರಿಗೆ ಹೆಚ್ಚು ನೋವು ತಂದದ್ದು.

ಹೆಗಲು ಮುರಿದದ್ದರಲ್ಲಿ ಶೌರ್ಯದ ಕಥೆ ಏನೂ ಇರಲಿಲ್ಲ. ಕಾಲೇಜಿನ ದಿನಗಳಲ್ಲಿ ಬಾದಾಮಿಯಿಂದ ಬಸ್ಸಿನ ತಲೆಯ ಮೇಲೆ ಕೂತು ಬರುವಾಗ ಬೇವಿನ ಟೊಂಗೆಯೊಂದು ಬಡಿದು ಕೆಳಗೆ ಬಿದ್ದಿದ್ದರು. ಎಲುಬು ಕಟ್ಟುವವನು ಅವಸರದಲ್ಲಿ ಕಟ್ಟಿದ. ಎಲುಬೂ ಹಾಗೇ ಕೂಡಿಕೊಂಡಿತು.

ಬಾಬುಸಾಬ ಟೇಪು ಹಿಡಿದು ಎರಡೂ ಕಡೆ ಅಳೆದ. ಎಡಗಡೆ ನಾಲ್ಕು ಬೆರಳು ಕೆಳಗಿತ್ತು. ಅಳತೆಯ ಪುಸ್ತಕದಲ್ಲಿ ಎರಡೂ ಹೆಗಲಿಗೆ ಒಂದೇ ಅಂಕಿ ಬರೆದ.

"ತಪ್ಪು ಬರದಿ," ಎಂದರು ರಾಚಯ್ಯ.

"ಪುಸ್ತಕಾ ನಾಕ ಮಂದಿ ನೋಡ್ತಾರ್ರಿ. ಖರೇ ಅಳತಿ ನನ್ನ ಬೆರಳಿನ್ಯಾಗ ಇರ್ಲಿ."

ಹಿಂಜಿದ ಹತ್ತಿಯನ್ನು ಪದರು ಪದರಾಗಿ ಇಟ್ಟು, ಮೇಲೆ ಕ್ಯಾನ್ವಾಸು ಕೂರಿಸಿ, ಸೂಜಿಯಿಂದ ಗುಬ್ಬಚ್ಚಿ ಹೆಜ್ಜೆಯಷ್ಟು ಸಣ್ಣ ಹೊಲಿಗೆ ಹಾಕಿ ಅವನು ಆ ಹೆಗಲನ್ನು ಎತ್ತಿ ನಿಲ್ಲಿಸಿದ. ಮೂರು ದಿನ ಹಿಡಿಯಿತು. ರಾಚಯ್ಯ ಜಾಕೀಟು ತೊಟ್ಟು ಕನ್ನಡಿಯ ಮುಂದೆ ನಿಂತರು. ಎದೆ ತಾನಾಗಿಯೇ ಮುಂದೆ ಬಂದಿತ್ತು.

ಆ ಚುನಾವಣೆಯನ್ನು ಗೆದ್ದರು. ಮುಂದಿನವನ್ನೂ ಗೆದ್ದರು. ಸೊಟ್ಟ ಹೆಗಲಿನ ಮಾತು ಎದುರಾಳಿಯ ಸುಳ್ಳೆಂದಾಗಿ ಮರೆತುಹೋಯಿತು, ಜನ 'ಹುಲಿ' ಎಂದು ಕರೆಯತೊಡಗಿದರು. ಹುನಗುಂದದಿಂದ ಇಳಕಲ್ಲಿನ ತನಕ ಗೋಡೆಗಳ ಮೇಲೆ ಆ ಎರಡು ಅಗಲವಾದ ಹೆಗಲುಗಳು ಬಿಸಿಲಲ್ಲಿ ನಿಂತವು. ಹುಡುಗರು ಬಂದು ತಮಗೂ 'ಹುಲಿ ಕಟ್' ಜಾಕೀಟು ಬೇಕೆಂದು ಹಟ ಹಿಡಿದರು. ಬಾಬುಸಾಬ ಹತ್ತಿಯಿಲ್ಲದೆ ಹೊಲಿದು ಕೊಡುತ್ತಿದ್ದ.

"ಸಾಹುಕಾರ್ರಿಗೆ ಕೂತಂಗ ನಮಗ ಕೂಡವಲ್ದು ನೋಡು ಬಾಬುಸಾಬ," ಎಂದು ಅವರು ಗೊಣಗಿದರೆ, ಅವನು ಬಾಯಲ್ಲಿದ್ದ ಸೂಜಿ ತೆಗೆದು ಗಂಭೀರವಾಗಿ ಹೇಳುತ್ತಿದ್ದ: "ಅದಕ್ಕ ಮೈ ಹಂತಾದ್ದು ಬೇಕೋ ತಮ್ಮಾ."

*

ಆಫ್ರೀನ ಕತ್ತರಿ ತಂದುಕೊಟ್ಟಳು. ಖಲೀಲ ಬಟ್ಟೆ ಕತ್ತರಿಸಿದ. ಸಾವಿರಾರು ಅಂಗಿ ಹೊಲಿದವನಿಗೆ ಒಂದು ಹೊಲಿಗೆಯೂ ಇಲ್ಲದ ಮೂರು ತುಂಡು ಬಟ್ಟೆ ಸಾಕಾಯಿತು.

ಅಂಗಳದಲ್ಲಿ ಗಂಡಸರು ಕೂತಿದ್ದರು. ಮಾತು ಸತ್ತವನನ್ನು ಬಿಟ್ಟು ರಾಚಯ್ಯನವರ ಕಡೆಗೆ ಹೊರಳಿ ಆಗಲೇ ಅರ್ಧ ಗಂಟೆಯಾಗಿತ್ತು.

"ಶಿರೂರಾಗ ಜ್ವಾಳದ ಚೀಲಾ ಒಂದ ಹೆಗಲ ಮ್ಯಾಲೆ ಒಗಕೊಂಡು ನಡದಿದ್ರು, ನಾ ಕಣ್ಣಾರೆ ನೋಡೇನಿ," ಎಂದ ಮುತ್ತುರಾಜ.

"ಯಾವ ಹೆಗಲ ಮ್ಯಾಲೆ?" ಒಳಗಿನಿಂದ ನಜಮಾ ಕೇಳಿದಳು.

"ಅದೆಲ್ಲಾ ಎಲ್ಲಿ ನೆನಪಿರತೈತಿ ಅಕ್ಕಾರ? ಗಂಡಸಂದ್ರ ಹಂಗಿರಬೇಕು. ಮಂದಿಗೆ ಅಂಜಿಕಿ ಬರಬೇಕು ನೋಡಿದ್ರ. ಮೆತ್ತನ್ನಾವ್ರ ಕೈಯಾಗ ಊರು ಕೊಡಾಕ ಬರ್ತೈತೇನ್ರಿ?"

ಎಲ್ಲರೂ ತಲೆಯಾಡಿಸಿದರು. ನಜಮಾ ಮಗಳ ಕಿವಿಯ ಬಳಿ ಬಾಗಿದಳು. "ಇವ್ರ ಗಂಡಸ್ತನಾ ಎಲ್ಲಾ ಪಾವು ಕಿಲೋ ಹತ್ತ್ಯಾಗ ಐತಿ," ಎಂದಳು. ಹೇಳಿ ನಕ್ಕಳು, ನಗುತ್ತಲೇ ಅತ್ತಳು. ಮದುವೆಯಾದ ಮೇಲೆ ಗಂಡನ ಗುಟ್ಟು ಅಂತ ಅವಳು ಕಾಯ್ದುಕೊಂಡು ಬಂದದ್ದು ಇದೊಂದೇ, ಅದೂ ಅವನದಲ್ಲ.

"ಅಮ್ಮಿ, ಅವ್ರು ಎಡದ್ದು ಕೊಡ್ತಾರೇನು?"

"ಬಲಗಡೀದು ಕೊಡ್ತಾರ. ಫೋಟೋ ಹೊಡಿಸ್ಕೋತಾರ. ಹೋಗ್ತಾರ." ನಜಮಾ ಮೂಗು ಒರೆಸಿಕೊಂಡಳು. "ಟಿಕೀಟ ಬರೋ ಹೊತ್ತು. ನಾ ಆಸೆ ಇಟ್ಕೊಂಡಿಲ್ಲ."

ಆದರೆ ಇಟ್ಟುಕೊಂಡಿದ್ದಳು. ಬೆಳಗಿನಿಂದ ಅವಳ ಕಿವಿ ಬೀದಿಯ ಕಡೆಗೇ ಇತ್ತು.

*

ಹೋದ ವರ್ಷ ರಮಜಾನ್ ಹಬ್ಬದ ಮರುದಿನ ರಾಚಯ್ಯ ಶೀರಕುರ್ಮಾ ಪಾಯಸ ಕುಡಿಯಲು ಬಾಬುಸಾಬನ ಮನೆಗೆ ಬಂದಿದ್ದರು. ಜಾಕೀಟು ಬಿಚ್ಚಿ ಗೂಟಕ್ಕೆ ತೂಗುಹಾಕಿ, ಬರೀ ಅಂಗಿಯಲ್ಲಿ, ಸೊಟ್ಟಗೆ ಆರಾಮಾಗಿ ಕೂತಿದ್ದರು. ಊರಿನಲ್ಲಿ ಅವರು ಹಾಗೆ ಕೂರುತ್ತಿದ್ದ ಮನೆ ಅದೊಂದೇ.

"ಹೆಗಲು ಮತ್ತ ಇಳದೈತೇನೋ ಬಾಬು?"

"ಒಂದ್ ಬೆರಳು. ಒಂದ್ ಪದರು ಜಾಸ್ತಿ ಹಾಕೇನಿ ತಗೋರಿ. ವಯಸ್ಸಿಗೆ ಎಲ್ಲಾರ್ದೂ ಇಳೀತಾವು."

"ಮೂವತ್ತು ವರ್ಷ ಆತು. ನೀ ನನ್ನ ಒಂದ್ ಮಾತು ಕೇಳಿಲ್ಲ. ನೌಕರಿ ಬ್ಯಾಡಂದಿ, ಸೈಟು ಬ್ಯಾಡಂದಿ. ಏನರೆ ಕೇಳೋ ಮಾರಾಯಾ."

ಬಾಬುಸಾಬ ಬಟ್ಟಲು ಕೆಳಗಿಟ್ಟ. ನಗುತ್ತಲೇ ಹೇಳಿದ: "ನಮ್ಮಾಗ ಸತ್ತವರ ಜನಾಜಾ ಹೊರೋವಾಗ ನಾಕೂ ಮೂಲಿಗೆ ಹತ್ತತ್ತು ಹೆಜ್ಜಿ ಹೊರ್ತಾರ. ಎರಡು ಮೂಲಿ ಬಲ ಹೆಗಲಿಗೆ, ಎರಡು ಎಡಕ್ಕ. ನಿಮ್ಮ ಬಲ ಹೆಗಲು ನಂಗ ಗೊತ್ತಿಲ್ರಿ, ಅದು ಊರಂದು. ಎಡದ್ದು ನಂದು. ಅದರ ಮ್ಯಾಲೆ ನನ್ನ ಹತ್ತು ಹೆಜ್ಜಿ ಒಯ್ರಿ."

"ಹತ್ತಿ ಮ್ಯಾಲೇನೋ?"

"ಹತ್ತಿ ನೋಡೋರ ಕಣ್ಣಿಗೆ ಹಾಕಿದ್ದು. ಭಾರಾ ಇಟ್ರ ಜಾರತೈತಿ."

ರಾಚಯ್ಯ ನಗಲಿಲ್ಲ. ಚಮಚದಿಂದ ಖರ್ಜೂರದ ಚೂರನ್ನು ಬಟ್ಟಲಿನಲ್ಲಿ ಅತ್ತಿತ್ತ ತಳ್ಳುತ್ತಾ ಕೂತರು. ಹೋಗುವಾಗ ಜಾಕೀಟು ತೊಟ್ಟು ನೆಟ್ಟಗಾದರು.

*

ಒಂದೂಕಾಲಿಗೆ ಕಾರು ಬಂತು. ಅಷ್ಟರಲ್ಲಿ ಜನಾಜಾ ಎತ್ತಲು ಎಲ್ಲ ಸಿದ್ಧವಾಗಿತ್ತು. ರಾಚಯ್ಯ ಇಳಿದರು. ಬಿಳಿ ಅಂಗಿ, ಕಂದು ಜಾಕೀಟು, ತುಂಬಿದ ಎರಡು ಹೆಗಲು. ಕೂತವರೆಲ್ಲ ಎದ್ದು ನಿಂತರು. ಅವರು ಬಾಬುಸಾಬನ ಮುಖ ನೋಡಿದರು, ಹೂವಿನ ಚಾದರ ಹೊದಿಸಿದರು. ನಜಮಾ ಕೂತ ಬಾಗಿಲಿನತ್ತ ಕೈಮುಗಿದರು. ಅವಳು ತಲೆ ಎತ್ತಲಿಲ್ಲ.

"ಕಲ್ಮಾ ಹೇಳ್ರಿ," ಎಂದ ಖಲೀಲ. ಜನಾಜಾ ಮೇಲೆದ್ದಿತು. ರಾಚಯ್ಯ ಮುಂದೆ ಬಂದು ಬಲ ಹೆಗಲು ಕೊಟ್ಟರು. ಸುನೀಲಕುಮಾರ ಫೋನು ಹಿಡಿದು ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಹಾಕುತ್ತಾ ವಿಡಿಯೋ ತೆಗೆದ. ಅರವತ್ತೆರಡರ ಮನುಷ್ಯ ಎದೆ ಸೆಟೆದು ನಡೆಯುತ್ತಿದ್ದರು. ಗುಂಪಿನಲ್ಲಿ ಯಾರೋ, "ನೋಡ್ರಲೇ, ಹುಲಿ ಹುಲೀನ," ಎಂದರು.

ಹತ್ತು ಹೆಜ್ಜೆಯಾಯಿತು. ಖಲೀಲ ಮೆಲ್ಲಗೆ, "ಸಾಕ್ರಿ ಸಾಹುಕಾರ್ರ, ನಿಮಗ ಮೀಟಿಂಗ್ ಐತಂತ, ನೀವು ಹೊಂಡ್ರಿ," ಎಂದ.

ಸುನೀಲಕುಮಾರ ಕಾರಿನ ಬಾಗಿಲು ತೆರೆದ. ರಾಚಯ್ಯ ತಮ್ಮ ಮೂಲೆಯನ್ನು ಖಲೀಲನ ಹೆಗಲಿಗೆ ದಾಟಿಸಿ ಬೀದಿಯ ನಡುವೆ ನಿಂತರು. ಕಾರನ್ನು ನೋಡಿದರು, ಜನರನ್ನು ನೋಡಿದರು. ಮುಖದಲ್ಲಿ ಹೆದರಿಕೆ ಎದ್ದು ಕಾಣುತ್ತಿತ್ತು. ಮೂವತ್ತು ವರ್ಷದಲ್ಲಿ ಆ ಮುಖದ ಮೇಲೆ ಊರವರು ಅದನ್ನು ನೋಡಿರಲಿಲ್ಲ. ಬಾಗಿಲಿಗೆ ಬಂದು ನಿಂತಿದ್ದ ಆಫ್ರೀನಳಿಗೆ ಅದು ಸ್ಪಷ್ಟವಾಗಿ ಕಂಡಿತು.

ಆಮೇಲೆ ಅವರು ಒಂದೊಂದೇ ಗುಂಡಿ ಬಿಚ್ಚಿ ಜಾಕೀಟು ತೆಗೆದರು. ನಾಲ್ಕು ಹೆಜ್ಜೆ ಹಿಂದಕ್ಕೆ ಬಂದು ಅದನ್ನು ಆಫ್ರೀನಳ ಕೈಗೆ ಕೊಟ್ಟರು.

"ನಿಮ್ಮಪ್ಪನ ಕೆಲಸ. ಹುಷಾರಾಗಿ ಇಡವಾ," ಎಂದರು.

ಜನಾಜಾ ಹೊತ್ತವರು ನಿಂತು ಹೊರಳಿ ನೋಡಿದರು. ಬರೀ ಅಂಗಿಯಲ್ಲಿ ಆ ಎಡ ಹೆಗಲು ಐದು ಬೆರಳು ಕೆಳಗೆ, ಬಡಕಲಾಗಿ, ಒಳಗೆ ಎಲುಬು ಮಾತ್ರ ಇದ್ದಂತೆ ಕಾಣುತ್ತಿತ್ತು. ಮುತ್ತುರಾಜನ ಬಾಯಿ ತೆರೆದಿತ್ತು. ಸುನೀಲಕುಮಾರ ಓಡಿ ಬಂದು, "ಸಾಹೇಬ್ರ, ಮಂದಿ ಫೋನ್ ಹಿಡದಾರ್ರಿ, ಜಾಕೀಟ ಹಾಕ್ಕೋರಿ," ಎಂದು ಪಿಸುಗುಟ್ಟಿದ.

"ಹಿಡೀಲಿ ಬಿಡು," ಎಂದರು ರಾಚಯ್ಯ.

ಅವರು ಜನಾಜಾದ ಬಲಮಗ್ಗುಲಿಗೆ ಬಂದು ಮುಂದಿನ ಮೂಲೆಗೆ ಎಡ ಹೆಗಲು ಕೊಟ್ಟರು. ಎರಡೂ ಕೈಯಿಂದ ಬೊಂಬನ್ನು ಹಿಡಿದುಕೊಂಡರು. ಜನಾಜಾ ಆ ಕಡೆಗೆ ವಾಲಿತು. ಹೂವಿನ ಚಾದರ ಜಾರತೊಡಗಿತು. ಹೆಂಗಸರ ಕಡೆಯಿಂದ ಅಯ್ಯೋ ಎಂಬ ದನಿ ಬಂತು. ರಾಚಯ್ಯ ಹಲ್ಲು ಕಚ್ಚಿ ಹೆಗಲನ್ನು ಮೇಲೆತ್ತಲು ನೋಡಿದರು. ಅದು ಏಳಲಿಲ್ಲ. ಅವರ ಕಣ್ಣಲ್ಲಿ ನೀರು ಬಂದಿತ್ತು, ನೋವಿಗೋ ದುಃಖಕ್ಕೋ.

ನಜಮಾ ಎದ್ದು ಮಗಳ ಪಕ್ಕಕ್ಕೆ ಬಂದು ನಿಂತಿದ್ದಳು. ಜಾಕೀಟಿನ ಎಡ ಹೆಗಲು ಅವಳ ಕೈಗೆ ತಗುಲಿತು. ಒಳಗಿನ ಹತ್ತಿ ಇನ್ನೂ ಬೆಚ್ಚಗಿತ್ತು.

ಎದುರಿನ ಮೂಲೆ ಹೊತ್ತಿದ್ದ ಖಲೀಲ ತಲೆ ಹೊರಳಿಸಿ ಆ ಹೆಗಲನ್ನು ಒಮ್ಮೆ ನೋಡಿದ. ಮೊಣಕಾಲು ತುಸು ಬಗ್ಗಿಸಿದ. ಹಿಂದೆ ಹೊತ್ತಿದ್ದ ಮುತ್ತುರಾಜನೂ ಬಗ್ಗಿದ. ಅವನ ಜೊತೆಗಿನ ಮಸೀದಿಯ ಹಿರಿಯನೂ ಬಗ್ಗಿದ. ಜನಾಜಾ ಮಟ್ಟಸವಾಯಿತು, ಚಾದರ ನಿಂತಿತು.

ಹತ್ತು ಹೆಜ್ಜೆಯಾಯಿತು. ರಾಚಯ್ಯ ಬಿಡಲಿಲ್ಲ. ಯಾರೂ ಸಾಕೆನ್ನಲಿಲ್ಲ. ಕಲ್ಮಾ ಹೇಳುತ್ತಾ ನಾಲ್ವರೂ ಹಾಗೆಯೇ ಕುಗ್ಗಿ ನಡೆದರು. ಮುಚ್ಚಿದ ಟೇಲರ್ ಅಂಗಡಿಯನ್ನು ದಾಟಿ, ಕರದಂಟಿನ ಅಂಗಡಿಯನ್ನು ದಾಟಿ, ಬಾಬುಸಾಬನ ಜನಾಜಾ ಎಲ್ಲರ ಜನಾಜಾಕ್ಕಿಂತ ಐದು ಬೆರಳು ಕೆಳಗೆ, ಒಂದಿಷ್ಟೂ ಅಲುಗದೆ, ಮಸೀದಿಯ ಕಡೆಗೆ ಹೋಯಿತು.