ಪಟ್ಟಿ ಹೇಳುವುದಿಷ್ಟೇ

ಬಡ್ತಿ ಪರೀಕ್ಷೆಯ ತರ್ಕದ ಪತ್ರಿಕೆಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದ ನರ್ಸಮ್ಮ ಈ ಸಲ ಒಂದು ಪಾಠ ಕಲಿತಿದ್ದಳು: ಪ್ರಶ್ನೆ ಎಷ್ಟು ಹೇಳುತ್ತದೋ ಅಷ್ಟನ್ನೇ ನಂಬಬೇಕು, ತನ್ನ ಊಹೆ ಬೆರೆಸಬಾರದು.

ಫಲಿತಾಂಶದ ದಿನ ಅತ್ತೆಯನ್ನೂ ಕರೆದುಕೊಂಡು ಕಚೇರಿಗೆ ಹೋದಳು. ಗೋಡೆಗೆ ಅಂಟಿಸಿದ್ದ ತೇರ್ಗಡೆಯಾದವರ ಪಟ್ಟಿಯಲ್ಲಿ ಅವಳ ನಂಬರೇ ಮೊದಲಿತ್ತು.

"ನೀನೇ ಫಸ್ಟು ಕಣೇ," ಎಂದು ಅತ್ತೆ ಹಿಗ್ಗಿ, ಪಕ್ಕದಲ್ಲಿದ್ದ ಜವಾನನ ಕೈ ಕುಲುಕಿಬಿಟ್ಟರು.

"ಇಲ್ಲ ಅತ್ತೆ, ಇದು ರೋಲ್ ನಂಬರಿನ ಸಾಲು, ಮಾರ್ಕ್ಸಿಂದಲ್ಲ. ಪಾಸಾಗಿದ್ದೀನಿ ಅಂತ ಮಾತ್ರ ಹೇಳ್ಬಹುದು."

"ಅಂದ್ರೆ ಫಸ್ಟ್ ಬಂದಿಲ್ವಾ?"

"ಅದನ್ನೂ ಹೇಳೋಕಾಗಲ್ಲ."

ಅತ್ತೆ ಪಟ್ಟಿಯತ್ತ ಮತ್ತೊಮ್ಮೆ ಕಣ್ಣು ಹಾಯಿಸಿದರು. "ಹಾಗಾದ್ರೆ ಬಂದಿರ್ಲೂಬಹುದು."

ಅದು ಎಲ್ಲೂ ತಪ್ಪಿಲ್ಲದ ಉತ್ತರ. ನರ್ಸಮ್ಮನಿಗೆ ನಗು ತಡೆಯಲಾಗಲಿಲ್ಲ. ಮಂಡಿನೋವನ್ನೂ ಮರೆತ ಅತ್ತೆ ಅವಳ ಕೈ ಹಿಡಿದು, ಮೆಟ್ಟಿಲುಗಳನ್ನು ಎರಡೆರಡಾಗಿ ಹಾರುತ್ತ ಬೀದಿಗಿಳಿದರು.