‘ಇಲ್ಲ’ ಅನ್ನದ ದೇವಿಕಾ

ಹೊಸಪೇಟೆಯ ಸ್ಕ್ಯಾನಿಂಗ್ ಸೆಂಟರಿನ ಡಾಕ್ಟರ್ ದೇವಿಕಾ ಅವರ ಬಾಯಿಂದ ‘ಇಲ್ಲ’ ಎಂಬ ಮಾತು ಸುಲಭವಾಗಿ ಹೊರಡುವುದಿಲ್ಲ. ವರ್ಷಗಟ್ಟಲೆ ಸ್ಕ್ಯಾನಿನ ಹಿಡಿಯನ್ನು ರೋಗಿಗಳ ಮೈಗೆ ಒತ್ತಿ ಒತ್ತಿ ಬಲಭುಜ ತುಸು ಇಳಿದಿದೆ, ಏಸಿಯ ಚಳಿಗೆ ತೊಡುವ ಬೂದು ಸ್ವೆಟರಿನ ಮೊಣಕೈ ಸವೆದಿದೆ. ಹೆಂಗಸರ ಮೈಗೆ ಹಚ್ಚುವ ಜೆಲ್ ತಣ್ಣಗಿರಬಾರದೆಂದು ಬಾಟಲಿಯನ್ನು ಬಿಸಿನೀರಿನ ಚೊಂಬಿನಲ್ಲಿ ನಿಲ್ಲಿಸಿಡುವ ಹಟ ಮಾತ್ರ ಸವೆದಿಲ್ಲ.

ಕಡ್ಡಿರಾಂಪುರದಲ್ಲಿ ಖಾನಾವಳಿ ನಡೆಸುವ ಜಂಬಮ್ಮ ಅವತ್ತು ಎಂಆರ್‌ಐ ಚಿತ್ರಗಳನ್ನು ಹಿಡಿದು ಬಂದಿದ್ದರು. ಅಕ್ಕನಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಈಗ ಇವರ ಎಡಸ್ತನದಲ್ಲೂ ಅನುಮಾನದ ಚುಕ್ಕೆಯೊಂದು ಕಂಡಿತ್ತು. ಅದು ಅಲ್ಟ್ರಾಸೌಂಡಿನಲ್ಲಿ ಸಿಕ್ಕರೆ, ಪರದೆಯಲ್ಲಿ ನೋಡಿಕೊಂಡೇ ಸೂಜಿಯಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಬಹುದು.

“ಏನಿರಂಗಿಲ್ಲ ಬಿಡ್ರಿ ಮೇಡಂ, ಜಲ್ದಿ ಮುಗಿಸ್ರಿ. ರೊಟ್ಟಿ ಬಡಿಯೋದು ಬಾಕಿ ಐತಿ,” ಎಂದರು ಜಂಬಮ್ಮ.

“ರೊಟ್ಟಿ ಕಾಯ್ತಾವ. ಮಲಗ್ರಿ.”

ಎಂಆರ್‌ಐಗೆ ಬೋರಲು ಮಲಗಿದ್ದ ದೇಹ ಇಲ್ಲಿ ಅಂಗಾತ. ಅಲ್ಲಿ ಕಂಡ ಜಾಗ ಇಲ್ಲಿ ಸರಿದುಹೋಗಿರುತ್ತದೆ. ದೇವಿಕಾ ಮಗ್ಗುಲಾಗಿಸಿದರು, ಕೈಯನ್ನು ತಲೆಯ ಮೇಲಿಡಿಸಿದರು, ಚಿತ್ರ ನೋಡಿ ಮತ್ತೆ ಹುಡುಕಿದರು. ಚುಕ್ಕೆ ಸಿಗಲಿಲ್ಲ.

“ನನಗ ಕಾಣ್ಲಿಲ್ಲ,” ಎಂದದ್ದೇ ತಡ, ಹೊರಗೆ ಕಾಯುತ್ತಿದ್ದು ಆಗಷ್ಟೇ ಒಳಬಂದ ಗಂಡ ಉಚ್ಚೆಂಗಪ್ಪನವರ ಮುಖ ಅರಳಿತು. “ಅಂದ್ರ ಏನಿಲ್ಲ! ನಡಿ, ಗಿರಾಕಿ ಬರೋ ಹೊತ್ತಾತು.”

“ಕಾಣ್ಲಿಲ್ಲ ಅಂದೆ, ಇಲ್ಲ ಅನ್ಲಿಲ್ಲ. ನೀವು ಗಂಡಸ್ರು ಡಬ್ಬಿ ಎದುರಾಗ ನಿಂತು ಮನ್ಯಾಗ ಉಪ್ಪಿಲ್ಲ ಅಂತೀರಲ್ಲ, ಹಂಗ ಅನ್ನಾಕ ನನಗ ಬರಂಗಿಲ್ಲ.”

ಜಂಬಮ್ಮ ನಕ್ಕುಬಿಟ್ಟರು. “ಸಕ್ರಿನೂ ಸಿಗಂಗಿಲ್ರಿ ಇವರಿಗೆ!” ಮರುಕ್ಷಣ ನಗು ನಿಂತಿತು. “ಮತ್ತ ಏನ್ ಮಾಡ್ಬೇಕ್ರಿ?”

“ಬೆಂಗಳೂರಿಗೆ ಹೋಗ್ರಿ. ಎಂಆರ್‌ಐನಾಗ ನೋಡಿಕೊಂತನ ಸೂಜಿ ಹಾಕ್ತಾರ. ಕ್ಯಾನ್ಸರ್ ಅಂತ ನಾ ಹೇಳಂಗಿಲ್ಲ. ಆದ್ರ ಬಿಟ್ಟು ಕುಂದ್ರಬ್ಯಾಡ್ರಿ.”

“ಒಲಿ ಮುಂದ ಯಾರು?” ಉಚ್ಚೆಂಗಪ್ಪನವರ ದನಿ ಸಣ್ಣದಾಗಿತ್ತು.

ಜಂಬಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದರು. “ನೀವ. ಡಬ್ಬಿ ಎಲ್ಲ ಅಲ್ಲೇ ಅದಾವು. ಹುಡುಕ್ರಿ.”

ಮನೆಯಲ್ಲಿ ಯಾರಿಗೂ ಕಾಣದ್ದನ್ನು ಹುಡುಕಿಕೊಡುವವರು ಹೆಂಗಸರೇ. ತಮ್ಮ ಮೈಯ ಮಾತು ಬಂದಾಗ ಮೊದಲು ‘ಏನಿಲ್ಲ’ ಎನ್ನುವವರೂ ಅವರೇ. ಆ ಮಾತನ್ನು ಅವರಿಂದ ಕಸಿದುಕೊಂಡು, ತಮಗೆ ಕಾಣದ್ದನ್ನು ಕಾಣಲಿಲ್ಲವೆಂದೇ ಹೇಳಿ, ಕಾಣುವ ಕಡೆಗೆ ದಾರಿ ತೋರಿಸುವ ದೇವಿಕಾರಂಥವರಿಗೆ ಸೋಲು ಒಪ್ಪಿಕೊಳ್ಳುವುದೂ ಹುಡುಕಾಟದ ಒಂದು ಭಾಗವೇ.