ಮಿಲಿಟರಿ ಲಾರಿಯ ಬ್ಯಾಟರಿ

ನಮ್ಮಪ್ಪ ಅಮೋಘಸಿದ್ದಪ್ಪ ಹರಾಜಿನಲ್ಲಿ ಹಿಡಿದು ತಂದ ಮಿಲಿಟರಿ ಲಾರಿ ರಾಜೇಶ್ವರದಲ್ಲಿ ನಮ್ಮ ಕುರಿದೊಡ್ಡಿಯ ಪಕ್ಕ ನಿಂತಿದೆ. ವರ್ಷಕ್ಕೊಮ್ಮೆ ಮೇವು ತರುತ್ತದೆ, ಉಳಿದ ದಿನ ನನ್ನ ತಲೆ ತಿನ್ನುತ್ತದೆ. ಮೊಣಕಾಲು ಕೈಕೊಟ್ಟ ಮೇಲೆ ಅಪ್ಪ ಓಡಿಸುವುದನ್ನು ಬಿಟ್ಟ. ಆದರೂ ದಿನಾ ಹತ್ತಿ ಸ್ಟೇರಿಂಗ್ ಹಿಡಿದು ಕೂರುತ್ತಾನೆ. ಬ್ಯಾಟರಿ ಇಳಿದೀತೆಂದು ಕೀಲಿಯನ್ನು ಮಾತ್ರ ತಿರುಗಿಸುವುದಿಲ್ಲ.

ಹೋದ ಸಲ ಬ್ಯಾಟರಿ ಇಳಿದು, ಊರ ಮಂದಿಯನ್ನು ಕೂಡಿಸಿ ಲಾರಿ ತಳ್ಳುವಾಗ ನನ್ನ ಸೊಂಟ ಹಿಡಿಯಿತು. ಸಿಟ್ಟು ನೆತ್ತಿಗೇರಿತು.

"ಇನ್ನೊಮ್ಮೆ ಬ್ಯಾಟರಿ ಇಳೀತಂದ್ರ ಗಾಡಿ ಗುಜರಿಗೆ ಹಾಕ್ತೀನಿ ನೋಡು ಯಪ್ಪಾ."

"ಹಾಕು," ಎಂದ ಅಪ್ಪ. ಅವನು ಕೊಟ್ಟ ಮಾತಿಗೆ ತಪ್ಪುವವನಲ್ಲ.

ಹೊಸ ಚಾರ್ಜರ್ ತಂದಿಟ್ಟು, ದಿನಾ ಬ್ಯಾಟರಿ ಚಾರ್ಜಿಗೆ ಹಚ್ಚೆಂದು ಅವ್ವನಿಗೆ ಹೇಳಿ, ಕುರಿ ಹೊಡೆದುಕೊಂಡು ಚಿಟಗುಪ್ಪದ ಕಡೆ ಹೋದೆ. ಅಲ್ಲಿಂದ ಅವ್ವನಿಗೆ ಫೋನು.

"ಯವ್ವಾ, ಬ್ಯಾಟರಿ ಚಾರ್ಜಿಂಗ್ ಹಚ್ಚಾಕತ್ತೀ ಇಲ್ಲೋ?"

"ಹಚ್ಚಾಕತ್ತೇನಪ್ಪ. ಒಂದಿನಾನೂ ಬಿಟ್ಟಿಲ್ಲ."

ನಾನು ಊರಿಗೆ ಮರಳಿದ ದಿನವೇ ಹುಮನಾಬಾದಿನ ಗುಜರಿ ವ್ಯಾಪಾರಿ ಅಲ್ತಾಫ್ ಟೆಂಪೊ ತಂದು ನಿಲ್ಲಿಸಿದ. ಲಾರಿಯ ಮೇಲೆ ಅವನಿಗೆ ಬಹಳ ದಿನದಿಂದ ಕಣ್ಣು. ಬ್ಯಾಟರಿ ಇಳಿದಿಲ್ಲವೆಂದು ತೋರಿಸಲು ಅಪ್ಪ ಎಲ್ಲರೆದುರು ಹತ್ತಿ ಕೀಲಿ ತಿರುಗಿಸಿದ. ಲಾರಿ ಹ್ಞೂಂ ಅನ್ನಲಿಲ್ಲ, ಹ್ಞಾಂ ಅನ್ನಲಿಲ್ಲ.

ಓಡಿಹೋಗಿ ಚಾರ್ಜರ್ ನೋಡಿದೆ. ಅದರ ಎರಡೂ ಚಿಮಟಿಗೆ ಅವ್ವ ಟವೆಲು ಸಿಗಿಸಿ ಒಣಹಾಕಿದ್ದಳು.

"ಯವ್ವಾ, ಯಾವ ಬ್ಯಾಟರಿ ಹಚ್ಚಿದಿ?"

ಅವ್ವ ಧೂಳಮ್ಮ ತಾನು ದಿನಾ ಚಾರ್ಜಿಗೆ ಹಾಕುತ್ತಿದ್ದ ಟಾರ್ಚನ್ನು ಒಳಗಿನಿಂದ ತಂದಳು. ನಮ್ಮ ಕಡೆ ಅದಕ್ಕೂ ಬ್ಯಾಟರಿ ಎಂದೇ ಅನ್ನುತ್ತೇವೆ. ಮಟಮಟ ಮಧ್ಯಾಹ್ನ ಅದನ್ನು ಹಚ್ಚಿ ನನ್ನ ಮುಖಕ್ಕೇ ಬಿಟ್ಟಳು. ಯಾರಿಗೆ ಅಂತ ಬೈಯಲಿ?

ಅಪ್ಪ ಯಾರಿಗೂ ಬೈಯಲಿಲ್ಲ. ಕಷ್ಟಪಟ್ಟು ಇಳಿದು ಬಂದು ಕೀಲಿಯನ್ನು ಅಲ್ತಾಫನ ಕಡೆ ಚಾಚಿದ. ನನ್ನ ಸಿಟ್ಟೆಲ್ಲ ಗಾಡಿಯ ಮೇಲಿತ್ತು, ಅಪ್ಪನ ಮೇಲೆ ಎಂದೂ ಇರಲಿಲ್ಲ.

"ತಡಿ ಯಪ್ಪಾ," ಎಂದೆ. "ನಮ್ಮ ಮಾತು ಏನಿತ್ತು? ಬ್ಯಾಟರಿ ಇಳೀಬಾರದು. ಎಲ್ಲಿ ಇಳಿದದ?"

ಅವ್ವನ ಕೈಯಲ್ಲಿ ಟಾರ್ಚು ಇನ್ನೂ ಉರಿಯುತ್ತಿತ್ತು. ಅಲ್ತಾಫ್ ಅದನ್ನು ನೋಡಿದ, ಲಾರಿಯನ್ನು ನೋಡಿದ, ಅಪ್ಪ ಚಾಚಿದ ಕೀಲಿಯನ್ನು ನೋಡಿದ.

"ಹೌದ್ರಿ ಕಾಕಾ," ಎಂದ. "ಫುಲ್ ಅದ."

ಲಾರಿಯ ಎರಡೂ ಬ್ಯಾಟರಿ ಬಿಚ್ಚಿದೆವು. ಮನೆಯ ಚಾರ್ಜರಿಗೆ ಅವು ಏಳುವಂತಿರಲಿಲ್ಲ. ಹುಮನಾಬಾದಿನ ಅಂಗಡಿಗೆ ಒಯ್ಯಲು ಅಲ್ತಾಫನ ಟೆಂಪೊದಲ್ಲೇ ಹಾಕಿದೆವು. ಅಷ್ಟರಲ್ಲಿ ಅಪ್ಪ ಮತ್ತೆ ಲಾರಿ ಹತ್ತಿ ಕೂತು ಬಾಗಿಲು ಎಳೆದುಕೊಂಡಿದ್ದ.

"ಬಿಸಲದ ಯಪ್ಪಾ, ಇಳಿ."

"ನೀ ಬ್ಯಾಟರಿ ತರೋತನ ನಾ ಗಾಡಿ ಬಿಟ್ಟು ಇಳಿಯಂಗಿಲ್ಲ," ಎಂದ. ಆಮೇಲೆ ದನಿ ತಗ್ಗಿಸಿದ. "ಅಲ್ತಾಫ ಭಾಳ ಛಲೋ ಮನಷ್ಯಾ. ಆದ್ರ ನೀ ಭಾಳ ಸಿಟ್ಟಿನಾಂವ."